ರೇಷ್ಮೆ ಸೀರೆಯ ಫೋಟೊ

ತೊಂಬತ್ತರ ದಶಕದ ಕೊನೆಯಲ್ಲಿ, ಡಿಗ್ರಿ ಓದುತ್ತಿದ್ದಾಗ, ನಜರ್‌ಬಾದಿನಲ್ಲಿ ಭಾನುವಾರದ ಫೋಟೊಗ್ರಫಿ ತರಗತಿಗೆ ಸೇರಿದ್ದೆ. ಕ್ಯಾಮೆರಾ ಚಿಕ್ಕಪ್ಪನದು, ಜಂಬ ಮಾತ್ರ ನನ್ನದೇ. ಮೂರನೆಯ ವಾರ ಮೇಷ್ಟ್ರು ಒಂದು ಅಸೈನ್‌ಮೆಂಟ್ ಕೊಟ್ಟರು. ಕೆಲಸದಲ್ಲಿ ಮುಳುಗಿರುವ ಒಬ್ಬರ ಚಿತ್ರ ತರಬೇಕು, ಅವರು ಕ್ಯಾಮೆರಾ ನೋಡುತ್ತಿರಬಾರದು. ಒಂದು ಕಪ್ಪು-ಬಿಳುಪು ರೀಲನ್ನು ಮೂವರು ಹಂಚಿಕೊಳ್ಳಬೇಕಿತ್ತು. ಸರದಿಯಲ್ಲಿ ನಾನೇ ಕೊನೆಯವಳು, ಉಳಿದಿದ್ದದ್ದು ಹನ್ನೆರಡು ಚಿತ್ರ.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಒಬ್ಬ ಅಮ್ಮ ಇದ್ದರು. ಕೆಂಡದ ಪೆಟ್ಟಿಗೆಯನ್ನು ಪಂಚೆಯ ಮೇಲೆ ಓಡಿಸುವಾಗ ಅವರಿಗೆ ಸುತ್ತಲಿನ ಪರಿವೆಯೇ ಇರುತ್ತಿರಲಿಲ್ಲ. ಫೋಟೊ ತೆಗೆಯಲೇ ಎಂದು ಕೇಳಿದ್ದೇ ತಡ, ಪೆಟ್ಟಿಗೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಹಂಗಲ್ಲಮ್ಮ, ನೀವು ಕೆಲಸ ಮಾಡ್ತಾ ಇರಿ."

"ಈ ಹಳೇ ಸೀರೇಲಾ? ಬ್ಯಾಡ ಕಣವ್ವ. ನಾಳೆ ಬಾ, ರೇಷ್ಮೆ ಸೀರೆ ಉಟ್ಕಂಡ್ ಬತ್ತೀನಿ. ಮದ್ವೆಯಾಗಿ ಹೋದಾಗಿಂದ ನನ್ ಮಗಳು, ನಿಂದೊಂದು ಫೋಟೊ ಕಳ್ಸವ್ವ ಅಂತ ಕೇಳ್ತಾನೇ ಅವ್ಳೆ. ನಂದು ಒಂದೂ ಇಲ್ಲ."

ತಲೆಯಾಡಿಸಿದೆ. ಅವರು ಮತ್ತೆ ಕೆಲಸಕ್ಕೆ ಬಗ್ಗಿದ ಮೇಲೆ ಎದುರಿನ ಕಾಂಪೌಂಡಿನ ಮರೆಯಿಂದ ಹನ್ನೆರಡೂ ಕ್ಲಿಕ್ಕಿಸಿಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ನಾನೇ ಮಹಾ ಚಾಲಾಕಿ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಅವರು ನೇರಳೆ ಬಣ್ಣದ ರೇಷ್ಮೆ ಸೀರೆಯುಟ್ಟು, ಕನಕಾಂಬರ ಮುಡಿದು, ಗಾಡಿಗೆ ಬೆನ್ನು ಮಾಡಿ ಕಾಯುತ್ತಿದ್ದರು. ಕೆಂಡ ಕೂಡ ಹೊತ್ತಿಸಿರಲಿಲ್ಲ. ರೀಲು ಮುಗಿದಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೊಸದು ಹಾಕಿಸಿಕೊಂಡು ಬರಬಹುದಿತ್ತು, ಒಂದು ಫೋಟೊಗೋಸ್ಕರ ಯಾರು ಓಡಾಡುತ್ತಾರೆ ಎಂಬ ಉದಾಸೀನ. ಮದುವೆಮನೆಗಳಲ್ಲಿ ರೀಲು ಉಳಿಸಲು ಬರೀ ಫ್ಲಾಶ್ ಹೊಡೆದು ನೆಂಟರನ್ನು ಸಮಾಧಾನ ಮಾಡುವ ಉಪಾಯವನ್ನು ಮೇಷ್ಟ್ರು ತರಗತಿಯಲ್ಲಿ ನಗುತ್ತಾ ಹೇಳಿದ್ದರು. ನಾನೂ ಅದನ್ನೇ ಮಾಡಿದೆ. ಆ ಅಮ್ಮ ಉಸಿರು ಬಿಗಿಹಿಡಿದು ನಿಂತರು, ನಾನು ಮೂರು ಸಲ ಬೆಳಕು ಹೊಡೆದೆ.

ಬಗ್ಗಿ ಇಸ್ತ್ರಿ ಮಾಡುತ್ತಿದ್ದ ಚಿತ್ರವನ್ನು ಮೇಷ್ಟ್ರು ಬಾಯಿತುಂಬ ಹೊಗಳಿ ತರಗತಿಯ ಗೋಡೆಗೆ ಅಂಟಿಸಿದರು. ಅದರದೇ ಇನ್ನೊಂದು ಪ್ರಿಂಟನ್ನು, ತಪ್ಪು ತೀರಿತು ಎಂಬಂತೆ, ಆ ಅಮ್ಮನಿಗೆ ಒಯ್ದು ಕೊಟ್ಟೆ. ಅವರು ಅದನ್ನು ಒರೆಸಿದ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಕದ್ದು ತೆಗೆದದ್ದಕ್ಕೆ ಬೈಯಲಿಲ್ಲ.

"ಚೆಂದಾಗದೆ. ರೇಷ್ಮೆ ಸೀರೇದು?"

"ಅದು ಬರಲಿಲ್ಲಮ್ಮ."

ಅವರ ಮುಖ ಸಪ್ಪಗಾಯಿತು. ಆಮೇಲೆ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವ ದನಿಯಲ್ಲಿ ಅಂದರು: "ನಂದೇ ತಪ್ಪು ಕಣವ್ವ. ಆ ಬೆಳಕಿಗೆ ಕಣ್ ಮುಚ್ಬುಟ್ಟೆ ಅಂತ ಕಾಣ್ತದೆ. ಸುಮ್ಕೆ ನಿನ್ ರೀಲು ಹಾಳ್ ಮಾಡ್ಬುಟ್ಟೆ."

ನಿಜ ಹೇಳಲು ಅದೇ ಸಮಯವಾಗಿತ್ತು. ನಾನು, "ಪರವಾಗಿಲ್ಲ ಬಿಡಿ ಅಮ್ಮ," ಎಂದು ಅವರನ್ನು ಕ್ಷಮಿಸಿ ಮನೆಗೆ ಬಂದೆ.