ಅನಸುಬಾಯಿಯ ಹೂಂ

ಹೂಂ ಅಂದವರನ್ನೆಲ್ಲ ಒಪ್ಪಿದವರು ಎಂದು ಲೆಕ್ಕ ಹಿಡಿಯುವುದಾದರೆ, ನಮ್ಮೂರಿನ ಅನಸುಬಾಯಿ ಈ ಲೋಕದ ಎಲ್ಲದಕ್ಕೂ ಒಪ್ಪಿಗೆ ಕೊಟ್ಟಿದ್ದಾಳೆ. ನನ್ನ ಸೊಸೆ ಸರಿಯಿಲ್ಲ ಎಂದು ನಾನು ಹೇಳಿದಾಗ ಹೂಂ ಅಂದಿದ್ದಾಳೆ. ನನ್ನ ಅತ್ತೆ ಸರಿಯಿಲ್ಲ ಎಂದು ಅದೇ ಸೊಸೆ ಹೋಗಿ ಹೇಳಿದಾಗಲೂ ಹೂಂ ಅಂದಿದ್ದಾಳೆ. ಸೇಡಂ ಮತ್ತು ಮಳಖೇಡದ ನಡುವಿನ ನಮ್ಮ ಸಣ್ಣ ಊರಿನಲ್ಲಿ ಎದೆ ಭಾರವಾದವರೆಲ್ಲ ಅವಳ ಮನೆಯ ಕಟ್ಟೆಗೇ ಹೋಗುತ್ತಿದ್ದರು. ಅವಳು ಬುದ್ಧಿ ಹೇಳುವವಳಲ್ಲ, ತೀರ್ಪು ಕೊಡುವವಳಲ್ಲ. ಅಂಗನವಾಡಿಯಲ್ಲಿ ಆಯಾ ಆಗಿದ್ದಾಗ ಮಕ್ಕಳ ತಲೆಬುಡವಿಲ್ಲದ ಕಥೆಗಳಿಗೂ ಹೀಗೇ ಹೂಂಗುಟ್ಟುತ್ತಿದ್ದಳು. ಹೂಂ ಅನ್ನುವವರಿಲ್ಲದೆ ಯಾರು ತಾನೇ ಕಥೆ ಹೇಳುತ್ತಾರೆ?

ಆ ಹೂಂಗೇ ಕನ್ನ ಹಾಕಿದರು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಊರ ಹಿಂದಿನ ಹೊಲಗಳನ್ನು ಕೊಂಡು ದೊಡ್ಡ ಲೇಔಟ್ ಮಾಡುತ್ತಾರೆಂದು ಸುದ್ದಿ ಹಬ್ಬಿತ್ತು. ಸಿಮೆಂಟ್ ಕಾರ್ಖಾನೆಯ ಸಾಹೇಬರು ಮನೆ ಕಟ್ಟುತ್ತಾರಂತೆ. ಅವರ ಗಟಾರದ ನೀರು ನಮ್ಮ ಹಳ್ಳಕ್ಕೇ ಬರುತ್ತದೆ, ಅವರ ಬೋರುಗಳು ನಮ್ಮ ಬೋರನ್ನು ಬತ್ತಿಸುತ್ತವೆ ಎಂದು ನಮಗೆ ದಿಗಿಲು. ಆಗ ಕಂಪನಿಯ ಪರವಾಗಿ ಸುರೇಶಕುಮಾರ ಬಂದ. ಸೇಡಂ ಕಡೆಯವನೇ, ನಮ್ಮ ಹಾಗೆಯೇ ಮಾತಾಡುವವನು. ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂರಿಸಿ, ಉಪ್ಪಿಟ್ಟು ತಿನ್ನಿಸಿ, ಒಬ್ಬನ ಕೈಗೆ ಕ್ಯಾಮೆರಾ ಕೊಟ್ಟು ಶುರು ಮಾಡಿದ.

"ಊರಿಗಿ ಡಾಂಬರ ರಸ್ತಾ ಬರ್ತದ್ರಿ."

ಮುಂದೆ ಕೂತಿದ್ದ ಅನಸುಬಾಯಿ "ಹೂಂರಿ" ಅಂದಳು.

"ಓಣಿ ಓಣಿಗಿ ಲೈಟ್ ಬರ್ತಾವ್ರಿ."

"ಹೂಂರಿ."

"ಹಿಂದಿನ ಖಾಲಿ ಜಾಗಾದಾಗ ಗಾರ್ಡನ್ ಮಾಡ್ತೀವ್ರಿ."

"ಹೂಂರಿ."

ಖಾಲಿ ಜಾಗ ಯಾವುದೆಂದು ಅವಳಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಅದು ಅವಳ ಓಣಿಯವರು ಸತ್ತವರನ್ನು ಮಣ್ಣು ಮಾಡುವ ಜಾಗ. ಅವಳ ಗಂಡ ದೇವಿಂದ್ರಪ್ಪ ಅಲ್ಲಿದ್ದಾನೆ. ಶಹಾಬಾದಿನ ಗಣಿಯಲ್ಲಿ ಜೀವಮಾನವಿಡೀ ನೆಲಕ್ಕೆ ಹಾಸುವ ಪರಸಿ ಕಲ್ಲು ಒಡೆದವನು. ಅಂಥದೇ ಒಂದು ಕಲ್ಲನ್ನು ಅವನ ತಲೆಯ ಹತ್ತಿರ ನಿಲ್ಲಿಸಿದ್ದಾರೆ. ಅದರ ಪಕ್ಕದ ಜಾಗ ನನ್ನದು ಎಂದು ಅವಳು ನಗುತ್ತಲೇ ಎಲ್ಲರಿಗೂ ಹೇಳಿಟ್ಟಿದ್ದಳು. ಅವಳ ಪಾಲಿಗೆ ಊರಿನಲ್ಲಿ ಅದಕ್ಕಿಂತ ತುಂಬಿದ ಜಾಗ ಇನ್ನೊಂದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂತು. 'ಗ್ರಾಮಸ್ಥರ ಸಂಪೂರ್ಣ ಒಪ್ಪಿಗೆ' ಎಂದು ಮೇಲೆ ದೊಡ್ಡ ಅಕ್ಷರ, ಕೆಳಗೆ ಅನಸುಬಾಯಿಯ ಮುಖ. ಹೂಂರಿ, ಹೂಂರಿ, ಹೂಂರಿ. ಅದನ್ನೇ ಸರ್ಕಾರಕ್ಕೂ ಕಳಿಸಿದ್ದರು. ವಾಡಿಯ ರೈಲ್ವೆಯಲ್ಲಿ ಕೆಲಸ ಮಾಡುವ ಮಗ ರತ್ನದೀಪ ಓಡಿ ಬಂದು ಅವ್ವನಿಗೆ ನಕ್ಷೆ ತೋರಿಸಿದ. ಅಪ್ಪನಿದ್ದಲ್ಲಿ ಹಸಿರು ಬಣ್ಣ ಬಳಿದು, ಎರಡು ಜೋಕಾಲಿಯ ಚಿತ್ರ ಬರೆದಿದ್ದರು. ಜೋಕಾಲಿ! ಬರೆದವನ ಕೈ ಸೇದಿ ಹೋಗಲಿ. ಅಷ್ಟರಲ್ಲಿ ಅಲ್ಲಿ ಗಡಿ ಗುರುತಿಗೆಂದು ಹದ್ದಿನ ಕಲ್ಲುಗಳನ್ನೂ ಹುಗಿದರು.

ಊರಿನವರು ಸಿಟ್ಟನ್ನು ಕಂಪನಿಯ ಮೇಲೆ ತೋರಿಸಿದರೇ? ಇಲ್ಲ, ಅಷ್ಟು ಗಂಡಸುತನ ಎಲ್ಲಿಂದ ಬರಬೇಕು? ಖಂಡೆಪ್ಪ ಅವಳ ಬಾಗಿಲಿಗೇ ಬಂದು ಕೂಗಾಡಿದ. "ನಿನ್ನ ಹೂಂನೇ ನಮ್ಮನ್ನ ಮುಳುಗಿಸ್ತು ನೋಡು! ಬಾಯಿ ಮುಚ್ಕೊಂಡು ಕುಂದರ್ಲಿಕ್ಕಿ ಏನಾಗಿತ್ತು?" ಆ ದಿನ ಅವನೂ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ಹೂಂ ಹೂಂ ಅಂದಿದ್ದ. ವಿಡಿಯೋದಲ್ಲಿ ಬಿದ್ದಿಲ್ಲ, ಅಷ್ಟೇ.

ನಾವು ತಕರಾರು ಕೊಟ್ಟ ಮೇಲೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಅದೇ ಭವನ, ಅದೇ ಸುರೇಶಕುಮಾರ. ಗಟಾರದ ಮಾತು, ಬೋರಿನ ಮಾತು ಎಲ್ಲ ಆಯಿತು. ಯಾವುದಕ್ಕೂ ಅವನು, "ಊರವ್ರು ಒಪ್ಪ್ಯಾರ್ರಿ ಸಾಹೇಬ್ರ, ವಿಡಿಯೋ ನೋಡ್ರಿ" ಎನ್ನುತ್ತಿದ್ದ. ಆಗ ಅನಸುಬಾಯಿ ಎದ್ದು ಅವನ ಮುಂದೆ ಹೋಗಿ ನಿಂತಳು.

"ನಿಮ್ಮವ್ವ ಆರಾಮ ಅದಾಳೇನಪ್ಪ?"

"ಹೂಂರಿ, ಯವ್ವ."

"ನಮ್ಮ ಓಣ್ಯಾಗ ಯಾರರ ಸತ್ರ ಅಲ್ಲೇ ಮಣ್ಣು ಮಾಡ್ತೀವಿ."

"ಹೂಂರಿ."

"ನನ್ನ ಗಂಡ ಅಲ್ಲೇ ಅದಾನ."

"ಹೂಂರಿ, ಹೂಂರಿ."

"ಅವನ ಬಾಜೂಕಿನ ಜಾಗಾ ನಂದದ."

"ಹೂಂರಿ."

"ಅದಕ್ಕ ಆ ಜಾಗಾ ಬಿಟ್ಟು, ನೀವು ಹುಗದಿದ್ದ ಹದ್ದಿನ ಕಲ್ಲೆಲ್ಲಾ ನಾಳಿಗೇ ಕಿತ್ಕೊಂಡು ಹೋಗ್ತೀರಿ."

"ಹೂಂರಿ..."

ಅನಸುಬಾಯಿ ಅಧಿಕಾರಿಯ ಕಡೆ ತಿರುಗಿದಳು. "ಬರ್ಕೋರಿ ಸಾಹೇಬ್ರ. ಒಪ್ಪಿದ."

ಸುರೇಶಕುಮಾರ ಕುರ್ಚಿಯಿಂದ ಜಿಗಿದೆದ್ದ. "ಏ, ಏನ್ ಬರ್ಕೋಳೋದ್ರಿ! ಹೂಂ ಅಂದ್ರ ಕೇಳ್ಲಿಕತ್ತೀನಿ ಅಂತರಿ! ಒಪ್ಪಿದಂಗ ಆಯ್ತೇನ್ರಿ ಅದು?"

"ನಂದೂ ಅದೇ ಹೂಂ ಇತ್ತಪ್ಪ" ಅಂದಳು ಅನಸುಬಾಯಿ.

ಭವನಕ್ಕೆ ಭವನವೇ ಹೋ ಎಂದಿತು. ಅಧಿಕಾರಿಯೂ ನಗು ತಡೆದುಕೊಂಡು, ವಿಡಿಯೋವನ್ನು ಒಪ್ಪಿಗೆ ಎಂದು ಹಿಡಿಯಲಾಗದು, ಎಲ್ಲವನ್ನೂ ಮೊದಲಿನಿಂದ ಕೇಳಬೇಕು ಎಂದು ಹೇಳಿ ಹೋದರು. ಖಂಡೆಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ, ನಾಚಿಕೆಗೆಟ್ಟವನು. ಹದ್ದಿನ ಕಲ್ಲುಗಳು ಮಾತ್ರ ಇನ್ನೂ ಅಲ್ಲೇ ಇವೆ, ಒಂದಂತೂ ದೇವಿಂದ್ರಪ್ಪನ ಕಾಲಬುಡದಲ್ಲೇ. ನಾವು ಸುಮ್ಮನೆ ಬಿಡುವುದಿಲ್ಲ.

ಮೊನ್ನೆ ಸೊಸೆಯ ಜೊತೆ ಮತ್ತೆ ಜಗಳವಾಗಿ ನಾನು ಅನಸುಬಾಯಿಯ ಕಟ್ಟೆಗೆ ಹೋದೆ. ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು ಹೇಳುತ್ತಾ ಹೋದೆ, ಅವಳು ಕೇಳುತ್ತಾ ಹೋದಳು. ಅರ್ಧಕ್ಕೆ ಬಂದಾಗ ಏನೋ ಕಡಿಮೆಯಾದಂತೆನಿಸಿ ನಿಲ್ಲಿಸಿದೆ.

"ಅನಸಕ್ಕ, ಕೇಳ್ಲಿಕತ್ತಿ ಇಲ್ಲ?"

ಅವಳ ತುಟಿ ಅಲುಗಿತು, ಆ ಶಬ್ದ ಮಾತ್ರ ಹೊರಗೆ ಬರಲಿಲ್ಲ. ನನ್ನ ಎರಡೂ ಕೈ ಖಾಲಿ ಇವೆಯೇ ಎಂದು ಮೊದಲು ನೋಡಿದಳು. ಆಮೇಲೆ, "ಕೇಳ್ಲಿಕತ್ತೀನಿ, ಹೇಳು" ಅಂದಳು.

ನನ್ನ ಮೊಬೈಲ್ ಮನೆಯಲ್ಲೇ ಇತ್ತು.