ಅನುದಾನದ ಟೆಂಟು

ಲಂಡನ್ನಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ನನ್ನ ಕೆಲಸ ಇನ್ನೂ ಆಗದಿರುವ ಅನಾಹುತಗಳ ಬಗ್ಗೆ ಬರೆಯುವುದು. ಬಾಂಬು ಸಿಡಿದರೆ ಜನರನ್ನು ಯಾವ ಶಾಲೆಗೆ ಸಾಗಿಸಬೇಕು, ಸಂತೆಯೊಳಗೆ ಯಾರಾದರೂ ಲಾರಿ ನುಗ್ಗಿಸಿದರೆ ಯಾವ ರಸ್ತೆ ಮುಚ್ಚಬೇಕು, ಇಂಥವು. ಅನಾಹುತ ಆಗದಿದ್ದರೆ ನಾನು ಬರೆದದ್ದನ್ನು ಯಾರೂ ಓದುವುದಿಲ್ಲ. ಅನಾಹುತ ಆದಾಗ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ನನ್ನ ಸಂಬಳ ಬರುವುದು ಸರ್ಕಾರ ವರ್ಷವರ್ಷ ಕೊಡುವ ಭದ್ರತಾ ಅನುದಾನದಿಂದ. ಹಾಗಾಗಿ ಪ್ರತಿ ವಸಂತದಲ್ಲೂ ಈ ಕೆಲಸ ಇರುತ್ತದೋ ಹೋಗುತ್ತದೋ ಎಂದು ಕಾಯುವುದು ನನಗೆ ರೂಢಿಯಾಗಿದೆ.

ಆ ಅನುದಾನ ಹೇಗೆ ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ಹೈಸ್ಟ್ರೀಟ್‌ನ ಹೂಕುಂಡಗಳನ್ನು ತೋರಿಸುತ್ತೇನೆ. ಒಳಗೆ ಕಾಂಕ್ರೀಟು, ಮೇಲೆ ಒಂದಿಷ್ಟು ಮಣ್ಣು, ಹಳದಿ ಹೂವು. ಅವು ಇರುವುದು ಲಾರಿ ತಡೆಯಲು. ಶಾಲೆ ಬಿಟ್ಟ ಮಕ್ಕಳು ಅವುಗಳ ಅಂಚಿನ ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ. ಗೂಟ, ಗೇಟು, ಕ್ಯಾಮೆರಾ, ಹೀಗೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದಾದ ಯಾವುದಕ್ಕೂ ಹಣ ಸಲೀಸಾಗಿ ಸಿಗುತ್ತದೆ. ಅವನ್ನು ಬಳಸುವವರಿಗೆ ನಾಲ್ಕು ದಿನ ತರಬೇತಿ ಕೊಡುತ್ತೇವೆ ಎಂದರೆ ಅರ್ಜಿ ವಾಪಸು ಬರುತ್ತದೆ. ಕ್ರಿಸ್‌ಮಸ್ ಮುಗಿಯುವವರೆಗೂ ಯಾರೂ ಹಣಕ್ಕೆ ಕೈ ಹಾಕುವುದಿಲ್ಲ. ಆಮೇಲೆ ಮಾರ್ಚ್ ಎಂಡಿಂಗ್ ಒಳಗೆ ಮುಗಿಸಬೇಕೆಂದು ಎಲ್ಲರೂ ಎದ್ದುಬಿದ್ದು ಓಡಾಡುತ್ತಾರೆ. ವಿಜಯಪುರದಲ್ಲಿ ಪ್ರತಿ ಮಾರ್ಚ್‌ನಲ್ಲೂ ಚೆನ್ನಾಗಿದ್ದ ರಸ್ತೆಗೆ ಮತ್ತೆ ಡಾಂಬರು ಬೀಳುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿ ನನಗೆ ಯಾವುದೂ ಹೊಸದೆನಿಸಲಿಲ್ಲ.

ಹಾಗೆ ಒಂದು ಮಾರ್ಚ್‌ನಲ್ಲಿ ಕೊಂಡದ್ದು ಆ ಟೆಂಟು. ಎಲ್ಲಾದರೂ ವಿಷದ ರಾಸಾಯನಿಕ ಚೆಲ್ಲಿದರೆ, ಸಿಕ್ಕಿಕೊಂಡ ಜನರನ್ನು ಇದರೊಳಗೆ ಸಾಲಾಗಿ ಕಳುಹಿಸಿ, ಮೈಮೇಲಿನದ್ದೆಲ್ಲ ತೆಗೆಸಿ, ಷವರಿನ ಕೆಳಗೆ ತೊಳೆದು, ಬೇರೆ ಬಟ್ಟೆ ಕೊಟ್ಟು ಆಚೆ ಕಡೆಯಿಂದ ಹೊರಗೆ ಬಿಡಬೇಕು. ತೊಳೆಯದೆ ಯಾರನ್ನೂ ಆಸ್ಪತ್ರೆಯೊಳಗೆ ಬಿಡುವಂತಿಲ್ಲ, ಬಿಟ್ಟರೆ ವಿಷ ವಾರ್ಡಿಗೂ ಹೋಗುತ್ತದೆ. ಟೆಂಟು ಬಂದು ಎರಡು ವರ್ಷವಾದರೂ ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. ಎರಡನೆಯ ಟೆಂಟಿಗೆ ಅರ್ಜಿ ಹಾಕುವಾಗ, ಮೊದಲನೆಯದನ್ನು ಸ್ಥಳೀಯ ಜನರೊಂದಿಗೆ, ಅದರಲ್ಲೂ ಇಂಗ್ಲಿಷ್ ಅಷ್ಟಾಗಿ ಬಾರದವರೊಂದಿಗೆ ಬಳಸಿ ನೋಡಿದ ವರದಿ ಬೇಕು ಎಂದರು ಅನುದಾನ ಕೊಡುವವರು. ಸರಿ, ಒಂದು ಅಣಕು ಅನಾಹುತ ಏರ್ಪಡಿಸುವುದು ನನ್ನ ಪಾಲಿಗೆ ಬಂತು.

ಇಂಗ್ಲಿಷ್ ಬಾರದವರನ್ನು ಹುಡುಕಲು ನಾನು ದೂರ ಹೋಗಲಿಲ್ಲ. ಕನ್ನಡ ಕೂಟದ ಐದು ಹೆಂಗಸರನ್ನು ಒಪ್ಪಿಸಿದೆ, ಆರನೆಯವಳು ನನ್ನ ಅವ್ವ. ಅಪ್ಪ ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರಾಗಿ ದುಡಿದು ರಿಟೈರ್ ಆದವರು. ಇಬ್ಬರೂ ಸಟನ್‌ನಲ್ಲಿ ನನ್ನ ಮನೆಯಲ್ಲೇ ಇದ್ದಾರೆ. ಅವ್ವ ಈ ದೇಶಕ್ಕೆ ಬಂದು ಮೂವತ್ತು ವರ್ಷದ ಮೇಲಾಯಿತು. ಜಿಪಿ ಡಾಕ್ಟರ್ ಹೇಳಿದ್ದು, ಬಸ್ ಡ್ರೈವರ್ ಗೊಣಗಿದ್ದು, ಪಕ್ಕದ ಮನೆಯ ಗಂಡಹೆಂಡತಿ ಜಗಳವಾಡಿದ್ದು ಎಲ್ಲವೂ ಅವಳಿಗೆ ಅರ್ಥವಾಗುತ್ತದೆ. ಮಾತಾಡುವುದು ಮಾತ್ರ ಮನಸ್ಸು ಬಂದಾಗ. ಫಾರ್ಮಿನಲ್ಲಿ ಅವಳ ಹೆಸರಿನ ಮುಂದೆ 'ಅಲ್ಪ ಇಂಗ್ಲಿಷ್' ಎಂದು ತುಂಬಿದೆ.

ನೆಂದರೂ ಪರವಾಗಿಲ್ಲ ಎನ್ನುವಂಥ ಹಳೆಯ ಬಟ್ಟೆ ಹಾಕಿಕೊಳ್ಳಿ, ಒಳಗೆ ಈಜುಡುಗೆ ಇರಲಿ, ಒಡವೆ ಮನೆಯಲ್ಲೇ ಬಿಡಿ ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ಶನಿವಾರ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು ಮೆಟ್ಟಿಲಿಳಿದು ಬಂದಳು. ನಾನು ತಲೆ ಚಚ್ಚಿಕೊಂಡೆ. "ಕೌನ್ಸಿಲ್‌ನವರು ಕರದಾರ. ಹಳೇ ಸೀರಿ ಉಟ್ಟು ಹೋದ್ರ ನಿನಗ ಕೆಟ್ಟ ಹೆಸರು," ಎಂದಳು. ಆಸ್ಪತ್ರೆಯ ಕಾರ್ ಪಾರ್ಕಿಗೆ ಹೋಗಿ ನೋಡಿದರೆ ಉಳಿದ ಐವರಲ್ಲಿ ಮೂವರು ರೇಷ್ಮೆಯಲ್ಲಿದ್ದರು. ಒಬ್ಬರು ಡಬ್ಬಿ ತುಂಬ ಕರದಂಟು ತಂದಿದ್ದರು. ಕೌನ್ಸಿಲ್ ಕರೆದರೆ ಸನ್ಮಾನಕ್ಕೇ ಇರಬೇಕೆಂದು ನಮ್ಮವರು ಹೇಗೆ ನಿರ್ಧರಿಸುತ್ತಾರೋ ನನಗೆ ತಿಳಿಯದು. ಆಸ್ಪತ್ರೆಯಿಂದ ಹಳೆಯ ಗೌನುಗಳನ್ನು ತರಿಸಿ, ಸೀರೆಯ ಬದಲು ಅವನ್ನು ತೊಡಿಸುವುದರಲ್ಲಿ ಅರ್ಧ ಗಂಟೆ ಹೋಯಿತು.

ನಾನು ಹಳದಿ ಜಾಕೆಟ್ ಹಾಕಿಕೊಂಡು ವೀಕ್ಷಕಳಾಗಿ ನಿಂತೆ. ವೀಕ್ಷಕರು ನೋಡಿ ಬರೆದುಕೊಳ್ಳಬೇಕೇ ಹೊರತು ನಡುವೆ ಬಾಯಿ ಹಾಕುವಂತಿಲ್ಲ. ಆ ನಿಯಮ ಬರೆದವಳೂ ನಾನೇ. ಸೀಟಿ ಊದಿದರು, ನಮ್ಮವರೂ ಬೇರೆ ಕಡೆಯಿಂದ ಬಂದ ಸ್ವಯಂಸೇವಕರೂ ಕೆಮ್ಮುತ್ತ, ನಗು ತಡೆಯುತ್ತ ಸಾಲಿಗೆ ಬಂದರು. ಬಾಗಿಲಲ್ಲಿ ತಲೆಯಿಂದ ಪಾದದವರೆಗೆ ಮುಚ್ಚಿದ ರಬ್ಬರ್ ಸೂಟಿನ ಒಬ್ಬ ಯುವಕ ಚಿತ್ರಗಳ ಹಲಗೆ ಹಿಡಿದು ನಿಂತಿದ್ದ. ಭಾಷೆ ಬಾರದವರಿಗೂ ತಿಳಿಯಲೆಂದು ಆ ಚಿತ್ರಗಳನ್ನು ನಾವೇ ಬರೆಸಿದ್ದೆವು. ಒಬ್ಬ ಗಂಡಸು ಷರಟು ತೆಗೆಯುತ್ತಾನೆ, ವಾಚು ತೆಗೆಯುತ್ತಾನೆ, ಎರಡನ್ನೂ ಚೀಲಕ್ಕೆ ಹಾಕುತ್ತಾನೆ.

ನಮ್ಮ ಹೆಂಗಸರಿಗೆ ಚಿತ್ರ ತಕ್ಷಣ ಅರ್ಥವಾಯಿತು. ಬೆಂಗಳೂರಿನ ಇಬ್ಬರು ತಾಳಿ ಸರ ಮನೆಯಲ್ಲೇ ಬಿಟ್ಟು ಬಂದಿದ್ದರು, ಹಾಗೇ ಒಳಗೆ ಹೋದರು. ಇನ್ನಿಬ್ಬರು ಬಿಚ್ಚಿ ಚೀಲಕ್ಕೆ ಹಾಕಿದರು. ಧಾರವಾಡದ ಒಬ್ಬರು ತಾಳಿ ತೆಗೆದು ಮುಷ್ಟಿಯೊಳಗೆ ಇಟ್ಟುಕೊಂಡು, ಖಾಲಿ ಕೈಯನ್ನು ಮಾತ್ರ ತೋರಿಸಿ ದಾಟಿಬಿಟ್ಟರು. ನಿಜವಾದ ವಿಷವಾಗಿದ್ದರೆ ಅದೂ ಅವರ ಮುಷ್ಟಿಯಲ್ಲೇ ಒಳಗೆ ಹೋಗುತ್ತಿತ್ತು. ನಾನು ನೋಡಿದೆ, ಬರೆದುಕೊಳ್ಳಲಿಲ್ಲ.

ನಮ್ಮವರಲ್ಲಿ ಕೊನೆಯವಳು ಅವ್ವ. ಬಳೆ ತೆಗೆದಳು, ಓಲೆ ತೆಗೆದಳು, ಚೀಲಕ್ಕೆ ಹಾಕಿದಳು. ಯುವಕ ಅವಳ ಕೊರಳ ಕಡೆ ಬೆರಳು ಮಾಡಿದ. ಅವ್ವ ಆಗದು ಎಂದು ತಲೆಯಾಡಿಸಿದಳು. ಅವನು ಹಲಗೆಯ ಚಿತ್ರ ತೋರಿಸಿದ. "ದಿಸ್, ನೋ," ಎಂದಳು ಅವ್ವ. "ಹಸ್ಬೆಂಡ್ ಅಲೈವ್." ಆ ಯುವಕ ಒಳ್ಳೆಯವನೇ. ಗಂಡ ಎಲ್ಲೋ ಹಿಂದೆ ಸಿಕ್ಕಿಕೊಂಡಿದ್ದಾನೆ ಎಂದುಕೊಂಡು ಹುಡುಕಲು ಒಬ್ಬನನ್ನು ಕಳುಹಿಸಿದ. ಆಮೇಲೆ ಇನ್ನೆರಡು ಸಲ ಚಿತ್ರ ತೋರಿಸಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಗಡಿಯಾರ ಓಡುತ್ತಿತ್ತು. ಅವನಿಗೆ ಕೊಟ್ಟಿದ್ದ ಸೂಚನೆಯಲ್ಲಿ ಇದ್ದದ್ದು ಒಂದೇ ದಾರಿ: ಒಪ್ಪದವರನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನವರನ್ನು ಕರೆಯುವುದು. ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿದ.

ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಕನ್ನಡದಲ್ಲಿ ಒಂದು ಮಾತು, ಇಂಗ್ಲಿಷಿನಲ್ಲಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅವ್ವ ಒಮ್ಮೆ ನನ್ನ ಕಡೆ ನೋಡಿದಳು. ನಾನು ವಾಚು ನೋಡಿ ಸಮಯ ಬರೆದುಕೊಂಡೆ. ಆಗ ನನಗೆ ನಾಚಿಕೆಯಾಯಿತು. ನನ್ನ ಬಗ್ಗೆಯೇ ನಾಚಿಕೆಯಾಯಿತು ಎಂದು ಬರೆಯಲು ಇಷ್ಟ. ಆದರೆ ಆ ಗಳಿಗೆಯಲ್ಲಿ ಆದದ್ದು ಅವ್ವನ ಬಗ್ಗೆ, ಸಹೋದ್ಯೋಗಿಗಳೆಲ್ಲ ನೋಡುತ್ತಿದ್ದರಲ್ಲ ಎಂದು. ಗೌನಿನ ಮೇಲೆ ಒಂದು ಕಂಬಳಿ ಹೊದ್ದು ಅವಳು ಕೊನೆಯವರೆಗೂ ಅಲ್ಲೇ ನಿಂತಿದ್ದಳು. ಮಾರ್ಚ್‌ನ ಚಳಿ ಕಡಿಮೆಯದಲ್ಲ. ಅಣಕು ಮುಗಿದ ಮೇಲೆ ಲೆಕ್ಕ ಓದಿದರು: ತೊಳೆಯದೆ ಹೊರಗುಳಿದವರು ಒಬ್ಬರು, ಅವರನ್ನು ಸತ್ತವರಲ್ಲಿ ಹಿಡಿಯಲಾಗಿದೆ.

ಮನೆಗೆ ಬಂದು ಅವ್ವ ಅಪ್ಪನಿಗೆ ಸುದ್ದಿ ಹೇಳಿದ್ದು ಹೀಗೆ: "ನಾ ಇವತ್ತು ಸತ್ತೆ ನೋಡ್ರಿ. ಮುತ್ತೈದಿ ಸಾವು." ಅವಳ ಕಡೆಯವರಲ್ಲಿ ಗಂಡ ಇರುವಾಗಲೇ ಹೋಗುವುದು ಪುಣ್ಯವೆಂದು ಲೆಕ್ಕ. ಇಬ್ಬರೂ ನಕ್ಕರು. ಆಮೇಲೆ ಅಪ್ಪ ಡಾಕ್ಟರ್ ಧಾಟಿಯಲ್ಲಿ ನನ್ನನ್ನು ಕೇಳಿದರು, ಬಂಗಾರವೇನು ವಿಷ ಕುಡಿಯುತ್ತದೆಯೇ, ಕೊರಳಲ್ಲೇ ಬಿಟ್ಟು ಸೋಪು ಹಚ್ಚಿ ತೊಳೆದರೆ ಆಯಿತಲ್ಲ, ಸೂಚನೆಯಲ್ಲಿ ಒಂದು ಸಾಲು ಸೇರಿಸಲು ಏನು ಕಷ್ಟ ಎಂದು. ಕಷ್ಟವೇನಿಲ್ಲ ಎಂದೆ. ಅವ್ವ ನಗು ನಿಲ್ಲಿಸಿದ್ದಳು. "ಖರೇನ ಆದ್ರ ನಾ ಹೊರಗ ಉಳೀತೀನಿ, ಯವ್ವಾ. ನಾ ಒಬ್ಬಾಕಿ ಅಲ್ಲ. ಆ ಸಾಲು ಬರಿ," ಎಂದಳು. ಬರೆಯುತ್ತೇನೆ ಎಂದೆ.

ಸೋಮವಾರ ಬರೆದೆ ಕೂಡ. ತಾಳಿಯಂಥ ಆಭರಣ ತೆಗೆಯಲು ಒಪ್ಪದವರಿಗೆ ಅದನ್ನು ಮೈಮೇಲೆಯೇ ತೊಳೆಯುವ ಕ್ರಮ ಇರಬೇಕು, ಅದಿಲ್ಲದ್ದರಿಂದ ಒಬ್ಬರು ಹೊರಗುಳಿದರು ಎಂದು. ಮಧ್ಯಾಹ್ನ ನನ್ನ ಮೇಲಧಿಕಾರಿ ಟೀ ಹಿಡಿದು ಬಂದು ಕರಡು ಓದಿದರು. ಚೆನ್ನಾಗಿದೆ ಎಂದರು. ಎರಡನೆಯ ಟೆಂಟಿನ ಅರ್ಜಿಯ ಜೊತೆ ಹೋಗುವುದು ಇದೇ ವರದಿ, ಆ ಅರ್ಜಿಯಲ್ಲೇ ನನ್ನ ಹುದ್ದೆಯೂ ಸೇರಿದೆ ಎಂದು ನೆನಪಿಸಿದರು. ಅಷ್ಟೇ. ಅಳಿಸು ಎಂದು ಅವರು ಹೇಳಲಿಲ್ಲ. ಮೊದಲ ಟೆಂಟೇ ಒಬ್ಬರನ್ನು ಹೊರಗೆ ಬಿಟ್ಟಿತೆಂದರೆ ಎರಡನೆಯದಕ್ಕೆ ಯಾರು ಹಣ ಕೊಡುತ್ತಾರೆ ಎಂಬುದನ್ನು ನಾನೇ ಯೋಚಿಸಿಕೊಂಡೆ. ಸಾಲು ಅಳಿಸಿ, ಟೆಂಟಿನೊಳಗೆ ಬಂದ ಎಲ್ಲರನ್ನೂ ನಿಗದಿತ ಸಮಯದೊಳಗೆ ತೊಳೆಯಲಾಯಿತು ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ವಾರದ ನಂತರ ಅವ್ವ ಬರೆದೆಯಾ ಎಂದು ಕೇಳಿದಾಗ ಬರೆದೆ ಎಂದೆ. ಅದೂ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೇ ತಿಂಗಳಲ್ಲಿ ಎರಡನೆಯ ಟೆಂಟಿಗೆ ಹಣ ಬಂತು, ನನ್ನ ಕೆಲಸವೂ ಉಳಿಯಿತು. ಅದೇ ತಿಂಗಳು ಕನ್ನಡ ಕೂಟದ ಯುಗಾದಿ. ಹಬ್ಬ ಎಂದೋ ಮುಗಿದಿತ್ತು. ಹೇಸ್‌ನ ಶಾಲೆಯ ಹಾಲ್ ಸಿಕ್ಕಿದ್ದು ಆಗ, ಆದ್ದರಿಂದ ಹಬ್ಬವೂ ಆಗ. ಊಟದ ಸಾಲಿನಲ್ಲಿ ಅವ್ವನ ಸುತ್ತ ಹೆಂಗಸರು ಸೇರಿದ್ದರು. ಬೇರೆ ಬೇರೆ ಊರಿನವರಿದ್ದಾಗ ಅವಳು ಬೆಂಗಳೂರಿನ ಕನ್ನಡಕ್ಕೆ ಬದಲಾಗುತ್ತಾಳೆ. "ಈಗ ರೂಲ್ ಬದಲಾಗಿದೆ. ತಾಳಿ ತೆಗೀಬೇಕಾಗಿಲ್ಲ, ಮೈಮೇಲೇ ತೊಳೀತಾರೆ. ನನ್ನ ಮಗಳೇ ಬರೆದಿದ್ದು," ಎನ್ನುತ್ತಿದ್ದಳು. ಅದೇ ಮಾತನ್ನು ಅವಳು ಎರಡು ತಿಂಗಳಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದಾಳೆಂದು ಆಗ ತಿಳಿಯಿತು. ಮುಷ್ಟಿಯಲ್ಲಿ ತಾಳಿ ಬಚ್ಚಿಟ್ಟಿದ್ದ ಧಾರವಾಡದವರು ನನ್ನ ತೋಳು ಹಿಡಿದು, ಇನ್ನು ಕಳ್ಳರ ಹಾಗೆ ಬಚ್ಚಿಡುವುದು ತಪ್ಪಿತು, ಧೈರ್ಯವಾಗಿ ಕೊರಳಲ್ಲೇ ಇಟ್ಟುಕೊಂಡು ನಿಲ್ಲಬಹುದು ಎಂದರು. ನಾನು ಅವರಿಗೆ ನಗುಮುಖ ತೋರಿಸಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಅದು. ನಾಳೆ ನಿಜವಾಗಿಯೂ ಏನಾದರೂ ಆದರೆ, ನನ್ನ ಹೆಸರಿನ ಧೈರ್ಯದ ಮೇಲೆ ಅವರು ಬಾಗಿಲಲ್ಲಿ ನಿಲ್ಲುತ್ತಾರೆ, ಅವರನ್ನು ಪಕ್ಕಕ್ಕೆ ಸರಿಸುತ್ತಾರೆ.

ಪಾಯಸ ಹಾಗೇ ಬಿಟ್ಟು ಎದ್ದೆ. ಹೇಸ್ ಸ್ಟೇಷನ್ನಿನಲ್ಲಿ, ಅಪ್ಪ ಮುಂದೆ ಹೋಗಿ ಬೆಂಚು ಹಿಡಿದಿದ್ದಾಗ, ಅವ್ವನಿಗೆ ಹೇಳಿಬಿಟ್ಟೆ. ಬರೆದಿದ್ದೆ, ಆಮೇಲೆ ಅಳಿಸಿದೆ, ರೂಲ್ ಏನೂ ಬದಲಾಗಿಲ್ಲ. ಕೆಲಸದ ವಿಷಯವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೈಚೀಲದಿಂದ ಫೋನು ತೆಗೆದಳು.

ಎಲಿಜಬೆತ್ ಲೈನಿನ ರೈಲಿನಲ್ಲಿ ಕೂತಾಗಲೂ, ಫ್ಯಾರಿಂಗ್ಡನ್‌ನಲ್ಲಿ ಗಾಡಿ ಬದಲಿಸಿ ಸಟನ್ ಕಡೆ ಹೊರಟ ಮೇಲೂ ಅವ್ವ ಒಬ್ಬೊಬ್ಬರಿಗೇ ಫೋನು ಮಾಡಿದಳು. ಸಿಗ್ನಲ್ ಹೋದಾಗ ಕಾದು ಮತ್ತೆ ಹಚ್ಚಿದಳು. ಎಲ್ಲರಿಗೂ ಹೇಳಿದ್ದು ಒಂದೇ. "ನಾ ತಪ್ಪು ಹೇಳಿದ್ದೆ ರೀ. ರೂಲ್ ಏನೂ ಬದಲಾಗಿಲ್ಲ. ಅವರು ತಗೀರಿ ಅಂದ್ರ ತಗದು ಕೊಟ್ಟುಬಿಡ್ರಿ, ಕೈಯಾಗ ಮುಚ್ಚಿಡಬ್ಯಾಡ್ರಿ. ಮೊದಲು ಜೀವ ಉಳೀಬೇಕು." ಯಾರೋ ಒಬ್ಬರು ಯಾಕೆಂದು ಕೆದಕಿ ಕೇಳಿರಬೇಕು. ತನಗೇ ಸರಿಯಾಗಿ ತಿಳಿದಿರಲಿಲ್ಲ, ವಯಸ್ಸಾಯಿತಲ್ಲ ಎಂದಳು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಎದುರು ಕೂತಿದ್ದ ಅಪ್ಪ ಕಣ್ಣು ಮುಚ್ಚಿದ್ದರು, ನಿದ್ದೆ ಮಾಡುತ್ತಿರಲಿಲ್ಲ.

ಕೊನೆಯ ಫೋನು ಮುಗಿದ ಮೇಲೆ ಕೇಳಿದೆ, "ಮತ್ತ ನೀನು, ಅವ್ವಾ? ನೀನೂ ತಗೀತಿ ಹೌದಿಲ್ಲೋ?"

ಅವ್ವ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ನಾ ತಗಿಯೂದಿಲ್ಲ. ನಾ ಒಳಗ ಹೋಗೂದು, ಹೊರಗ ಉಳಿಯೂದು ನಿನ್ನ ಕೈಯಾಗ ಅದ," ಎಂದಳು.