ಖಾಲಿ ಕುರ್ಚಿಗಳ ಗ್ರೂಪ್ ಫೋಟೋ

ಆಕೆಯನ್ನು ಬೀದಿಯವರೆಲ್ಲ ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಆಕೆಯ ಗಂಡನೇ. ಮದುವೆಯ ಫೋಟೋ ತೆಗೆಯಲು ಹೊರಟರೆ ಆಕೆಯ ಚೀಲದಲ್ಲಿ ಒಂದರ ಬದಲು ಮೂರು ಕ್ಯಾಮೆರಾ ಇರುತ್ತಿದ್ದವು, ಬ್ಯಾಟರಿಗಳಿಗಂತೂ ಲೆಕ್ಕವೇ ಇಲ್ಲ. "ಈ ಬ್ಯಾಟರಿಗೆ ಹುಷಾರು ತಪ್ಪಿದ್ರೆ ಅಂತ ಆ ಬ್ಯಾಟರಿ, ಅದಕ್ಕೂ ಹುಷಾರು ತಪ್ಪಿದ್ರೆ ಅಂತ ಇನ್ನೊಂದು. ಜೊತೆಗೆ ಒಬ್ಬ ಡಾಕ್ಟರನ್ನೂ ಕರ್ಕೊಂಡು ಹೋಗೋಣ್ವಾ?" ಎಂದು ಗಂಡ ರೇಗಿಸುತ್ತಿದ್ದ. ಅವನು ವಿಡಿಯೊ ತೆಗೆಯುವವನು, ಆಕೆಯ ಸಹಾಯಕ ಕೂಡ. ಆಕೆ ನಗುತ್ತಿದ್ದಳು, ಆದರೆ ಒಂದು ಬ್ಯಾಟರಿಯನ್ನೂ ಚೀಲದಿಂದ ತೆಗೆಯುತ್ತಿರಲಿಲ್ಲ.

ಅವರ ಸ್ಟುಡಿಯೊ ಒಂದು ಟೈಲರ್ ಅಂಗಡಿಯ ಮೇಲಿತ್ತು. ಎರಡು ಕೋಣೆ, ಬೂದು ಬಣ್ಣದ ಪರದೆ, ಕಿಟಕಿಯ ಪಕ್ಕ ಉದ್ದನೆಯ ಮೇಜು. ಕೆಳಗೆ ಮೆಟ್ಟಿಲ ಬಾಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮದುಮಕ್ಕಳ ಫೋಟೋಗಳು. ಆಕೆಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಕುಟುಂಬದ ಗ್ರೂಪ್ ಫೋಟೋದ್ದು. ಯಾರನ್ನೋ ಯಾರದೋ ಪಕ್ಕ ನಿಲ್ಲಿಸಿ, ಮಾತು ಬಿಟ್ಟ ಅಣ್ಣತಮ್ಮಂದಿರು ಅಲ್ಲೇ ಮುಖ ತಿರುಗಿಸಿಕೊಂಡು, ಮದುವೆಮನೆ ಕದಡಿಹೋದರೆ? ಅದಕ್ಕಾಗಿ ಪ್ರತಿ ಮದುವೆಗೂ ಮುಂಚೆ ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಿದ್ದಳು. ಕುಡಿದಿಟ್ಟ ಚಹಾದ ಲೋಟಗಳನ್ನೇ ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಇದು ನಿಮ್ಮ ತಾತ, ಇದು ದೊಡ್ಡಪ್ಪ. ಇವರಿಬ್ಬರ ಮಧ್ಯೆ ಯಾರಾದ್ರೂ ಬೇಕಾ?" ಎಂದು ಕೇಳುತ್ತಿದ್ದಳು. ಎಷ್ಟೋ ಮನೆಗಳ ಜಗಳ ಆ ಲೋಟಗಳ ಮಟ್ಟದಲ್ಲೇ ಮುಗಿದುಹೋಗುತ್ತಿತ್ತು.

ಹಾಗೆ ಒಂದು ದಿನ ಬಂದವರು ಮೂವರು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಅವಳ ಅಮ್ಮ, ಅವಳನ್ನು ಮದುವೆಯಾಗುವ ಡ್ರಿಲ್ ಮೇಷ್ಟ್ರು. ಮೇಷ್ಟ್ರ ಕಡೆಯ ಲೋಟಗಳಿಗೆ ಮೇಜು ಸಾಲಲಿಲ್ಲ. ಹುಡುಗಿಯ ಕಡೆ ನಾಲ್ಕೇ ನಾಲ್ಕು.

"ನಿಮ್ಮ ಕಡೆ ಗಂಡಸರು ಯಾರು ಯಾರು?"

"ಯಾರೂ ಇಲ್ಲ ಅಕ್ಕ. ಅಮ್ಮ, ಚಿಕ್ಕಮ್ಮ, ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು. ಅಷ್ಟೇ."

"ಅದಕ್ಕೇನು, ನಮ್ಮ ಕಡೆಯಿಂದ ಒಂದಷ್ಟು ಮಾವಂದಿರನ್ನ ಸಾಲ ಕೊಡ್ತೀನಿ" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಕಿಟಕಿಯಿಂದ ಬೀದಿಯನ್ನು ಒಮ್ಮೆ ನೋಡಿ ಹೇಳಿದಳು: "ಕೆಳಗಡೆ ಗಾಜಿನ ಪೆಟ್ಟಿಗೇಲಿ ನಮ್ಮ ಫೋಟೋ ಹಾಕಬಾರದು. ಫೋನಲ್ಲೂ ಎಲ್ಲೂ ಹಾಕಬಾರದು. ಮದುವೆ ಎಲ್ಲಿ ಅಂತ ಯಾರು ಕೇಳಿದ್ರೂ ಹೇಳಬಾರದು."

ಕಾರಣವನ್ನೂ ಹೇಳಿದಳು. ಹಳೆಯ ಅಂಗಡಿಯಲ್ಲಿದ್ದಾಗ ಒಬ್ಬ ದಿನವೂ ತಲೆನೋವಿನ ಮಾತ್ರೆ ಕೊಳ್ಳಲು ಬರುತ್ತಿದ್ದ. ಆಮೇಲೆ ಬಸ್ ಸ್ಟಾಪಿನಲ್ಲಿ ನಿಂತ. ಆಮೇಲೆ ಮನೆಯ ಎದುರು. ಅವಳು ಕೆಲಸ ಬದಲಿಸಿದಳು, ಮನೆ ಬದಲಿಸಿದಳು. ಪೊಲೀಸರ ಹತ್ತಿರ ಹೋದರೆ, ಮಾತ್ರೆ ಕೊಳ್ಳೋದು ತಪ್ಪೇನಮ್ಮ, ಹಿಂದೆ ಬಂದ ಅನ್ನೋದಕ್ಕೆ ಸಾಕ್ಷಿ ಎಲ್ಲಿ ಎಂದು ಕಳಿಸಿದ್ದರು. ಮದುವೆ ಗೊತ್ತಾದ ವಾರ ಹೊಸದೊಂದು ನಂಬರಿನಿಂದ ಫೋನ್ ಬಂದಿತ್ತು. ಅವನು ಹೇಳಿದ್ದು ಒಂದೇ ಮಾತು: "ನಿನ್ನ ಮದುವೆ ಫೋಟೋದಲ್ಲಿ ನಿನ್ನ ಪಕ್ಕ ನಾನೂ ಇರ್ತೀನಿ."

ಅವರು ಹೋದ ಮೇಲೆ ಪುಕ್ಕಲಕ್ಕ ಲೋಟಗಳನ್ನು ತೊಳೆಯಲು ಹೋಗಿ ಒಂದನ್ನು ಕೈಜಾರಿ ಒಡೆದಳು.

"ಈ ಮದುವೆ ನಮಗೆ ಬೇಡ" ಎಂದ ಗಂಡ. "ಊರ ಮೇಲೆ ಹೋಗೋ ಮಾರೀನ ಯಾಕೆ ಮನೆಗೆ ಕರೀಬೇಕು? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ನಾಳೆ ಹೇಳಿಬಿಡು."

ಆಕೆಯೂ ಹಾಗೇ ಅಂದುಕೊಂಡಳು. ಹೇಗೆ ಹೇಳುವುದೆಂದು ಮಾತು ಕೂಡಿಸುತ್ತ ಮರುದಿನ ಅಂಗಡಿ ತೆರೆದಳು. ಇಬ್ಬರು ಪಾಸ್‌ಪೋರ್ಟ್ ಫೋಟೋದವರು ಕಾಯುತ್ತಿದ್ದರು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಫೋನ್ ಬಂತು. ಮೆತ್ತನೆಯ, ಮರ್ಯಾದಸ್ಥನ ದನಿ.

"ಮೇಡಂ ನಮಸ್ಕಾರ. ನಿನ್ನೆ ಬಂದಿದ್ರಲ್ಲ, ಮದುವೆಹುಡುಗಿ, ಅವರ ಸೋದರಮಾವನ ಮಗ ನಾನು. ಬರೋ ಭಾನುವಾರ ಫೋಟೋಗೆ ಎಲ್ರೂ ಒಂದೇ ಬಣ್ಣದ ಬಟ್ಟೆ ಹಾಕ್ಕೊಳ್ಳೋಣ ಅಂತ. ಗ್ರೂಪ್ ಫೋಟೋ ಹೊರಗಡೆನಾ, ಒಳಗಡೆನಾ?"

"ಹೊರಗಡೆ. ಛತ್ರದ ಹಿಂದುಗಡೆ ತೋಟದಲ್ಲಿ."

"ಊಟ ಆದ್ಮೇಲಾ?"

"ಇಲ್ಲ ಇಲ್ಲ, ಊಟಕ್ಕೆ ಮುಂಚೆ. ಆಮೇಲೆ ಬಿಸಿಲು ಮುಖಕ್ಕೇ ಹೊಡೆಯುತ್ತೆ."

"ಛತ್ರ ಅಂದ್ರೆ ಆ ಹಳೇದೇ ಅಲ್ವಾ ಮೇಡಂ, ಮಾರ್ಕೆಟ್ ಹತ್ರದ್ದು?"

"ಅಲ್ಲ, ಕೆರೆ ದಂಡೆ ಮೇಲಿರೋದು" ಎಂದಳು ಪುಕ್ಕಲಕ್ಕ, ಸಿಕ್ಕಿಕೊಂಡ ಕಾಗದವನ್ನು ಎಳೆಯುತ್ತ. "ತುಂಬಾ ಉಪಕಾರ ಆಯ್ತು" ಎಂದು ಅವನು ಫೋನ್ ಇಟ್ಟ.

ಕಾಗದ ಕೈಗೆ ಬಂತು. ಆಗ ಆಕೆಗೆ ಮೇಜಿನ ಮೇಲಿನ ನಾಲ್ಕು ಲೋಟ ನೆನಪಾದವು. ಆ ಹುಡುಗಿಗೆ ಸೋದರಮಾವನೇ ಇಲ್ಲ.

ಫೋಟೋದವರನ್ನು ಕಾಯಲು ಹೇಳಿ ಮೆಟ್ಟಿಲಿಳಿದು ಟೈಲರ್ ಬಳಿ ಹೋದಳು. "ನಿನ್ನೆ ಯಾರಾದ್ರೂ ಬಂದಿದ್ರಾ ಅಣ್ಣ, ಮೇಲಿದ್ದೋರನ್ನ ಕೇಳಿಕೊಂಡು?"

ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದ. "ಒಬ್ಬ ಬಂದಿದ್ದ. ಅಂಗಿ ಗುಂಡಿ ಹೊಲಿಸ್ಕೊಂಡ. ಗುಂಡಿ ಗಟ್ಟಿಯಾಗೇ ಇತ್ತು, ಆದ್ರೂ ಇನ್ನೊಂದ್ಸಲ ಹೊಲೀರಿ ಅಂದ. ಮೇಲೆ ಹೋದೋರು ಮದುವೆಯೋರಾ ಅಂತ ಕೇಳ್ದ. ಅವರು ಇಳಿದು ಹೋಗೋ ತನಕ ಇದೇ ಸ್ಟೂಲ್ ಮೇಲೆ ಕೂತಿದ್ದ."

ಪುಕ್ಕಲಕ್ಕ ಆ ಸ್ಟೂಲನ್ನು ಮುಟ್ಟಲೂ ಆಗದೆ ದೂರ ಸರಿದಳು.

ಗಂಡನಿಗೆ ಹೇಳಿದಾಗ ಅವನು ಮೊದಲು ಬೈದ, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ. "ಆ ಹುಡುಗಿಗೆ ಹೇಳಿದ್ರೆ ನಾಳೆಯಿಂದ ನಮ್ಮ ಮೆಟ್ಟಿಲು ಯಾರೂ ಹತ್ತಲ್ಲ. ಮದುವೆಯೋರ ಗುಟ್ಟು ಬಿಟ್ಟುಕೊಟ್ಟೋರು ಅಂತಾರೆ."

"ಹೇಳದೆ ಇದ್ರೆ?"

ಆಕೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಹಿಂದಿನಿಂದ ಯಾರೋ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಎರಡು ಕಡೆ ಬೇಕೆಂದೇ ತಪ್ಪು ತಿರುವು ತಿರುಗಿ, ಹಣ್ಣಿನಂಗಡಿಯ ಮುಂದೆ ಸುಮ್ಮನೆ ನಿಂತು, ಮತ್ತೆ ನಡೆದಳು. ಆ ಹುಡುಗಿ ಇಷ್ಟು ಕಾಲ ಹೀಗೇ ನಡೆದಿದ್ದಾಳೆ ಎಂಬುದು ಆಗ ಆಕೆಯ ಮೈಗೆ ಹತ್ತಿತು.

ಔಷಧದಂಗಡಿಯ ಹಿಂದಿನ ಉಗ್ರಾಣದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಎಲ್ಲವನ್ನೂ ಹೇಳಿದಳು.

"ಅಷ್ಟು ಬಿಡಿಸಿ ಹೇಳಿದ್ದೆನಲ್ಲ ಅಕ್ಕ ನಿಮಗೆ!"

"ನೀನು ಹೇಳಿದ್ದೆ ತಾಯಿ. ನನ್ನ ಬಾಯಿ ಸುಡಲಿ."

ಹುಡುಗಿ ಒಂದು ಪೆಟ್ಟಿಗೆಯ ಮೇಲೆ ಕೂತಳು. ಅಲ್ಲಿಂದಲೇ ಅಂದಳು: "ಹಳೇ ಮನೆ ಓನರ್ ಹತ್ರಾನೂ ಅವನು ಹೀಗೇ ಮಾತಾಡಿ ವಿಷಯ ತಿಳ್ಕೊಂಡಿದ್ದ. ಜೊತೇಲಿ ಕೆಲಸ ಮಾಡೋಳ ಹತ್ರಾನೂ. ಅವರ್ಯಾರೂ ನನಗೆ ಹೇಳ್ಲಿಲ್ಲ. ಅವನು ಬಾಗಿಲಿಗೆ ಬಂದ್ಮೇಲೇ ಗೊತ್ತಾಗ್ತಿತ್ತು."

ಆ ಸಂಜೆ ಎಲ್ಲರೂ ಹುಡುಗಿಯ ಮನೆಯಲ್ಲಿ ಸೇರಿದರು. ಛತ್ರ ಬದಲಿಸಲು ಹೊತ್ತು ಮೀರಿತ್ತು. ಬರಲಿ, ನಾನು ನೋಡ್ಕೋತೀನಿ ಎಂದು ಮೇಷ್ಟ್ರು ತೋಳು ಮಡಚಿದರು. "ನೀವು ಹೊಡೆದ್ರೆ ಕೇಸು ನಿಮ್ಮ ಮೇಲೆ ಬೀಳುತ್ತೆ. ಸುಮ್ನೆ ಕೂತ್ಕೊಳ್ಳಿ" ಎಂದಳು ಹುಡುಗಿ. ಕೊನೆಗೆ ಮತ್ತೊಮ್ಮೆ ಠಾಣೆಗೇ ಹೋದರು. ಈ ಸಲ ಅಲ್ಲಿ ಹೊಸದಾಗಿ ಬಂದ ಮಹಿಳಾ ಎಸ್ಐ ಇದ್ದರು. ಪೂರ್ತಿ ಕೇಳಿಸಿಕೊಂಡರು.

"ಇಬ್ಬರನ್ನ ಮಫ್ತಿಯಲ್ಲಿ ಕಳಿಸ್ತೀನಿ. ಆದ್ರೆ ಅವನು ಬಂದು, ದಾರಿ ತಪ್ಪಿ ಬಂದೆ ಅಂದ್ರೆ ಮತ್ತೆ ಮೊದಲಿನ ಕಥೆಯೇ. ಸುಳ್ಳು ಹೇಳಿ ವಿಷಯ ತಿಳ್ಕೊಂಡು, ಅದೇ ಜಾಗಕ್ಕೆ ಬಂದು ನಿಂತ ಅಂತ ತೋರಿಸೋಕೆ ಏನಾದ್ರೂ ಬೇಕು."

"ಅವನ ಫೋಟೋ ನಾನು ತೆಗೀತೀನಿ" ಎಂಬ ಮಾತು ಕೇಳಿಸಿತು. ಅದು ತನ್ನದೇ ದನಿ ಎಂದು ಪುಕ್ಕಲಕ್ಕನಿಗೆ ಆಮೇಲೆ ಗೊತ್ತಾಯಿತು.

ಛತ್ರವನ್ನು ಆಕೆ ಹಿಂದಿನ ದಿನವೇ ಸುತ್ತಿ ನೋಡಿದಳು. ಮಹಡಿಯ ಮೇಲೆ ಒಂದೇ ಬಾಗಿಲಿನ ಕೋಣೆಯಿತ್ತು. ಕಿಟಕಿಯಿಂದ ಹದವಾದ ಬೆಳಕು ಬರುತ್ತಿತ್ತು. ಕುಟುಂಬದ ಫೋಟೋ ಅಲ್ಲೇ, ಬೆಳಿಗ್ಗೆಯೇ ಆಗಬೇಕು. ಕೆಳಗೆ ತೋಟದಲ್ಲಿ ಮಾತ್ರ, ಫೋನಿನಲ್ಲಿ ಹೇಳಿದಂತೆಯೇ, ಊಟಕ್ಕೆ ಮುಂಚೆ ಕುರ್ಚಿ ಹಾಕಿರಬೇಕು.

ಮದುವೆಯ ಬೆಳಿಗ್ಗೆ ಆ ಕೋಣೆಯಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತರು. "ಅಷ್ಟು ದೊಡ್ಡ ತೋಟ ಇಟ್ಕೊಂಡು ನಮ್ಮನ್ನೇನು ಬೆಂಕಿಪೊಟ್ಟಣದಲ್ಲಿ ತುಂಬಿಸ್ತಿದೀರಾ?" ಎಂದರು ವಿಷಯ ಗೊತ್ತಿಲ್ಲದ ಮೇಷ್ಟ್ರ ಅಜ್ಜಿ. ಅಜ್ಜಿಯ ಮಾತಿಗೆ ಮಕ್ಕಳು ನಕ್ಕವು. ಹುಡುಗಿ ಅಮ್ಮನ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದಳು. ಪುಕ್ಕಲಕ್ಕ ಅದನ್ನು ಕ್ಯಾಮೆರಾದಲ್ಲಿ ಕಂಡಳು, ಕೈ ಬಿಡು ಎನ್ನಲು ಮನಸ್ಸಾಗಲಿಲ್ಲ. ಹಾಗೇ ತೆಗೆದಳು.

ಗಂಡ ತೋಟಕ್ಕೆ ತಾನೂ ಬರುತ್ತೇನೆಂದ. "ನೀನು ಈ ಬಾಗಿಲು ಬಿಟ್ಟು ಅಲ್ಲಾಡಬೇಡ" ಎಂದು ಆಕೆ ಒಬ್ಬಳೇ ಇಳಿದಳು.

ತೋಟದಲ್ಲಿ ಎರಡು ಸಾಲು ಕುರ್ಚಿ. ಮುಂದಿನ ಸಾಲಿನ ನಡುವೆ ಮದುಮಕ್ಕಳಿಗೆಂದು ಎತ್ತರದ ಬೆನ್ನಿನ ಎರಡು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ನೀರಿನ ಡ್ರಮ್ಮಿನ ಬಳಿ ಲೋಟ ಒರೆಸುತ್ತಿದ್ದವನು ಪೊಲೀಸು. ಗೋಡೆಯ ಪಕ್ಕ ಫೋನ್ ನೋಡುತ್ತ ಕೂತ ಹೆಂಗಸೂ ಪೊಲೀಸು. ಇದೆಲ್ಲ ಗೊತ್ತಿದ್ದೂ ಪುಕ್ಕಲಕ್ಕನಿಗೆ ತಾನೊಬ್ಬಳೇ ಇದ್ದೇನೆ ಅನ್ನಿಸಿತು. ಒಳಗಿನಿಂದ ಪಾತ್ರೆಗಳ ಸದ್ದು. ಎಲೆ ಅಲುಗಿದರೂ ತಿರುಗಿ ನೋಡುತ್ತಿದ್ದಳು. ಬರದೆ ಇರಲಿ ಎಂದು ಬೇಡಿಕೊಂಡಳು. ಬಾರದಿದ್ದರೆ ಇನ್ನೊಂದು ದಿನ, ಇನ್ನೆಲ್ಲೋ ಬರುತ್ತಾನಲ್ಲ ಎಂದೂ ಹೊಳೆಯಿತು.

ಅವನು ಕೆರೆಯ ಕಡೆಯ ಸಣ್ಣ ಗೇಟಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಕೈಯಲ್ಲಿ ಹೂಗುಚ್ಛ. ಎಲ್ಲರ ಮನೆಯ ನೆಂಟನ ಹಾಗೆ ಕಾಣುತ್ತಿದ್ದ. ಅದನ್ನೇ ನೋಡಿ ಆಕೆಗೆ ಹೆಚ್ಚು ಹೆದರಿಕೆಯಾಯಿತು.

"ಗ್ರೂಪ್ ಫೋಟೋ ಇಲ್ಲೇ ಅಲ್ವಾ ಮೇಡಂ?" ಅದೇ ಮೆತ್ತನೆಯ ದನಿ.

"ಇಲ್ಲೇ. ಈಗ ಬರ್ತಾರೆ."

"ಮದುವೆಹುಡುಗಿ ಕೂರೋದು ಎಲ್ಲಿ?"

ಆಕೆ ಬೆರಳು ತೋರಿಸಿದಳು. ಅವನ ಕಣ್ಣೆಲ್ಲ ಆ ಕುರ್ಚಿಯ ಮೇಲೆ. ಮೆಲ್ಲಗೆ ಹೋಗಿ ಅದರ ಪಕ್ಕ ನಿಂತ. ಬೆನ್ನಿನ ಮೇಲಿದ್ದ ಧೂಳನ್ನು ಕೈಯಿಂದ ಒರೆಸಿದ.

ಇಷ್ಟು ವರ್ಷ ಸಾವಿರಾರು ಜನರಿಗೆ ಹೇಳಿದ ಮಾತೇ ಆಗ ಆಕೆಯ ಬಾಯಿಗೆ ಬಂತು: "ಬೆಳಕು ನೋಡ್ಕೋಬೇಕು. ಸ್ವಲ್ಪ ಹಾಗೇ ನಿಲ್ತೀರಾ? ಗಲ್ಲ ಒಂಚೂರು ಮೇಲೆ."

ಅವನು ಗಲ್ಲ ಎತ್ತಿದ. ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಕ್ಕ. ಆಕೆ ಬಟನ್ ಒತ್ತಿದಳು. ಮತ್ತೆ ಒತ್ತಿದಳು. ಇಬ್ಬರು ಪೊಲೀಸರು ಬಂದು ಅವನ ತೋಳು ಹಿಡಿಯುವವರೆಗೂ ಒತ್ತುತ್ತಲೇ ಇದ್ದಳು.

ಅವನು ಕೂಗಾಡಲಿಲ್ಲ. "ಹೂ ಕೊಡೋಕೆ ಬಂದೆ, ಅದರಲ್ಲೇನು ತಪ್ಪು?" ಎಂದಷ್ಟೇ ಅಂದ. ಹೂಗುಚ್ಛದಲ್ಲಿ ಹೂವಲ್ಲದೆ ಬೇರೇನೂ ಇರಲಿಲ್ಲ. ಜೇಬಿನಲ್ಲಿ ಒಂದು ಬೀಗದ ಕೈ ಗೊಂಚಲು ಸಿಕ್ಕಿತು. ಅದರಲ್ಲಿ ಒಂದು ಹೊಚ್ಚಹೊಸದು. ಎಸ್ಐಗೆ ಅನುಮಾನ ಬಂದು ಹುಡುಗಿಯ ಅಮ್ಮನನ್ನು ಕರೆದುಕೊಂಡು ಹೋಗಿ ಅವರ ಹೊಸ ಮನೆಯ ಬಾಗಿಲಿಗೆ ಹಾಕಿ ನೋಡಿದರು. ಬೀಗ ಸಲೀಸಾಗಿ ತೆರೆಯಿತು. ಅಮ್ಮ ಹೊಸ್ತಿಲ ಹೊರಗೇ ನಿಂತುಬಿಟ್ಟರಂತೆ. ಅವತ್ತಿನ ನಂತರ ಆ ಮನೆಯಲ್ಲಿ ಅವರು ಒಂದು ದಿನವೂ ಮಲಗಲಿಲ್ಲ.

ಕೇಸು ಕೋರ್ಟಿಗೆ ಬಂತು. ಸಾಕ್ಷಿ ಹೇಳಲು ಕರೆದ ದಿನ ಪುಕ್ಕಲಕ್ಕ ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕಾಯುತ್ತಿದ್ದಳು. ಪೊಲೀಸರು ಅವನನ್ನು ಕರೆತಂದು ಎದುರಿನ ಬೆಂಚಿನಲ್ಲೇ ಕೂರಿಸಿದರು. ಅವನು ಪರಿಚಯದವರನ್ನು ಕಂಡಂತೆ ಮುಂದೆ ಬಾಗಿದ.

"ಮೇಡಂ, ಫೋಟೋ ಚೆನ್ನಾಗಿ ಬಂದಿದೆಯಾ?"

ಆಕೆಗೆ ಎದ್ದು ಮನೆಗೆ ಓಡಿಹೋಗಬೇಕೆನ್ನಿಸಿತು. ಪಕ್ಕದಲ್ಲಿದ್ದ ಗಂಡ ಆಕೆಯ ಮುಂಗೈ ಹಿಡಿದುಕೊಂಡ. ಅವತ್ತು ಅವನು ರೇಗಿಸಲಿಲ್ಲ, ಬೆಳಗಿನಿಂದ ಒಂದೂ ತಮಾಷೆ ಮಾಡಿರಲಿಲ್ಲ. ಹೆಸರು ಕೂಗಿದಾಗ ಆಕೆ ಎದ್ದು ಹೋದಳು. ಹೂ ತರೋದು ಅಪರಾಧವೇ ಎಂದು ಅವನ ಪರ ವಕೀಲರು ಕೇಳಿದರು. "ಹೂವಿನ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ. ಇಲ್ಲದ ಮಾವನ ಮಗ ಅಂತ ಸುಳ್ಳು ಹೇಳಿ ಜಾಗ ತಿಳ್ಕೊಂಡಿದ್ದು ಇದೇ ದನಿ. ಕುರ್ಚಿ ಯಾರದು ಅಂತ ಕೇಳಿಕೊಂಡು ಅದರ ಪಕ್ಕ ನಿಂತಿದ್ದು ಇವರೇ" ಎಂದಳು. ಕಟಕಟೆಯ ಮರವನ್ನು ಹಿಡಿದ ಹಿಡಿ ಸಡಿಲಿಸಲಿಲ್ಲ.

ಅವನಿಗೆ ಜೈಲಾಯಿತು. ಮೇಷ್ಟ್ರು ದೂರದ ಶಾಲೆಗೆ ವರ್ಗ ಮಾಡಿಸಿಕೊಂಡು ಹೆಂಡತಿ, ಅತ್ತೆ ಇಬ್ಬರನ್ನೂ ಕರೆದುಕೊಂಡು ಹೋದರು. ಹೋಗುವ ಮುಂಚೆ ಹುಡುಗಿ ಒಬ್ಬಳೇ ಬಂದು ಗ್ರೂಪ್ ಫೋಟೋದ ಕಟ್ಟನ್ನು ತೆಗೆದುಕೊಂಡಳು. ಬಿಚ್ಚಿ ನೋಡಿ, ಅಮ್ಮನ ಕೈ ಹಿಡಿದ ತನ್ನ ಕೈಯ ಮೇಲೆ ಬೆರಳಾಡಿಸಿದಳು. "ಅಕ್ಕ, ಯಾವ ಊರು ಅಂತ ನಿಮಗೂ ಹೇಳಲ್ಲ. ಬೇಜಾರು ಮಾಡ್ಕೋಬೇಡಿ."

"ಹೇಳಲೇಬೇಡ ತಾಯಿ" ಎಂದಳು ಪುಕ್ಕಲಕ್ಕ. "ನನಗೆ ಗೊತ್ತಿರೋದೇ ಬೇಡ."

ಹುಡುಗಿ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಒಂದು ಕ್ಷಣ ನಿಂತು, ಬೀದಿಯ ಎರಡೂ ತುದಿಗಳನ್ನು ನೋಡಿ, ಆಮೇಲೆ ಕಾಲು ಹೊರಗಿಟ್ಟಳು. ಮೇಲೆ ಕಿಟಕಿಯಲ್ಲಿ ನಿಂತ ಪುಕ್ಕಲಕ್ಕನೂ ಅವಳ ಜೊತೆಗೇ ನೋಡಿದಳು. ಒಬ್ಬ ಸೈಕಲ್ಲಿನವನು, ಶಾಲೆಯಿಂದ ಬರುವ ಮಕ್ಕಳು. ಬೇರೆ ಯಾರೂ ಇರಲಿಲ್ಲ.